ಮೂವತ್ತೆಂಟು ಸೆಕೆಂಡಿನಲ್ಲಿ ಮುಳುಗಿದ ಬಾಗಿಲು

ಕಳೆದ ಭಾನುವಾರ ಸಂಜೆ ಸಾಗರ ಪೇಟೆಯ ಸಭಾಂಗಣವೊಂದರಲ್ಲಿ ನನ್ನ ಚಿಕ್ಕಮ್ಮನ ಮನೆ ಮೂವತ್ತೆಂಟು ಸೆಕೆಂಡಿನಲ್ಲಿ ಮುಳುಗಿತು. ಸಭೆ ಚಪ್ಪಾಳೆ ತಟ್ಟಿತು.

ಮನೆ ನಿಜವಾಗಿ ಮುಳುಗಿದ್ದು ಹೋದ ಮಳೆಗಾಲದಲ್ಲಿ, ಅಣೆಕಟ್ಟಿನ ಹಿನ್ನೀರು ಹೊಸನಗರದ ಕಡೆಯ ಅವರ ಊರಿಗೆ ಬಂದಾಗ. ಭಾನುವಾರದ್ದು ಸಿನಿಮಾ. ತೆಗೆದವರು ನನ್ನ ಅಣ್ಣನ ಗೆಳೆಯ ರಘುಪತಿ ಮತ್ತು ಅವರ ಜೊತೆಗಾರರೊಬ್ಬರು. ಇಬ್ಬರಿಗೂ ಫೋಟೋ ಹುಚ್ಚು. ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ, ಹಗಲೆಲ್ಲ ಹತ್ತು ನಿಮಿಷಕ್ಕೊಂದರಂತೆ ಚಿತ್ರ ತೆಗೆಯುವುದು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಓಡಿಸುವುದು. ಹತ್ತು ದಿನ ಅರ್ಧ ನಿಮಿಷದಲ್ಲಿ ಕಳೆದುಹೋಗುತ್ತದೆ. ಇದಕ್ಕೆ ಟೈಮ್ ಲ್ಯಾಪ್ಸ್ ಎಂದು ಹೆಸರು. (ಹಿಂದೆ ದಾಸವಾಳ ಅರಳುವುದನ್ನು ಹೀಗೇ ತೆಗೆದಿದ್ದರು. ಚೆನ್ನಾಗಿತ್ತು. ದಾಸವಾಳಕ್ಕೆ ಯಾವ ನಷ್ಟವೂ ಆಗಿರಲಿಲ್ಲ.)

ಊರು ಬಿಡುವವರು ನಮ್ಮ ಕಡೆ ಹೆಬ್ಬಾಗಿಲನ್ನು ದಾರಂದದ ಸಮೇತ, ಅಂದರೆ ಚೌಕಟ್ಟಿನ ಸಮೇತ, ಬಿಚ್ಚಿ ಒಯ್ಯುತ್ತಾರೆ. ಹೊಸ ಮನೆಗೂ ಅದೇ ಬಾಗಿಲು. ಚಿಕ್ಕಪ್ಪ ಇಕ್ಕೇರಿ ದಾರಿಯಲ್ಲಿ ಹೊಸ ಮನೆಯ ಗೋಡೆ ಎಬ್ಬಿಸುವಾಗ ಹಳೆಯ ದಾರಂದದ ಅಳತೆಗೆ ಸರಿಯಾಗಿ ಜಾಗ ಬಿಟ್ಟಿದ್ದರು. ಕೊಟ್ಟಿಗೆಯ ಹೆಂಚು ಇಳಿಸಿ ಸಾಗಿಸಿಯಾಗಿತ್ತು. ಬಾಗಿಲು ಬಿಚ್ಚಲು ಆಚಾರಿ ಸೋಮವಾರ ಬರುವುದಿತ್ತು.

ಹಿಂದಿನ ದಿನವೇ ರಘುಪತಿ ಬಂದು, ಎದುರಿನ ದಿಬ್ಬದ ಮೇಲೆ ಟ್ರೈಪಾಡ್ ಊರಿ, ಅದಕ್ಕೊಂದು ಕೊಡೆ ಕಟ್ಟಿದರು.

“ಅಮ್ಮಾ, ಬಾಗ್ಲೊಂದು ಇರ್ಲಿ. ನೀರು ಹೊಸ್ಲಿಗೆ ಬರೋವರೆಗೆ ಸಾಕು. ನಡುವೆ ತೆಗೆದ್ರೆ ಕಂಟಿನ್ಯುಯಿಟಿ ಹೋಗ್ತದೆ.”

“ಎಂತದು ಹೋಗ್ತದಂತೆ?” ಚಿಕ್ಕಮ್ಮ ನನ್ನನ್ನು ಕೇಳಿದರು.

ಚಿತ್ರದ ಓಟ ನಡುವೆ ತುಂಡಾದಂತೆ ಕಾಣುತ್ತದೆ ಎಂದು ನಾನು ವಿವರಿಸಿದೆ. ಮೈಸೂರಿನಲ್ಲಿ ಓದಿ ಬಂದವಳಲ್ಲವೇ? ನೀರು ಹೊಸಿಲು ಮುಟ್ಟಲು ಇನ್ನೂ ಒಂದು ವಾರ ಬೇಕು, ಆಗ ಬಿಚ್ಚಿದರಾಯಿತು, ಇದೊಂದು ದಾಖಲೆಯಾಗಿ ಉಳಿಯುತ್ತದೆ ಎಂದೆಲ್ಲ ಹೇಳಿದೆ.

“ನೀನ್ ಹೇಳ್ತೀಯಲ್ಲ ಮಾರಾಯ್ತಿ, ಇರ್ಲಿ ಬಿಡು,” ಎಂದರು. ಆಚಾರಿಗೆ ಒಂದು ವಾರ ಬಿಟ್ಟು ಬಾ ಎಂದು ಹೇಳಿ ಕಳಿಸಿದರು.

ಮಂಗಳವಾರ ಹೊಳೆಯ ಮೇಲ್ಭಾಗದ ತೀರ್ಥಹಳ್ಳಿ ಸೀಮೆಯಲ್ಲಿ ಮಳೆ ಹೊಯ್ಯಿತು. ಬುಧವಾರ ಬೆಳಿಗ್ಗೆ ನೋಡಿದರೆ ನೀರು ಇನ್ನೂ ಅಂಗಳದ ಕೆಳಗೇ ಇದೆ, ಆದರೆ ಗಾಡಿದಾರಿಯ ಹಳ್ಳ ತುಂಬಿಹೋಗಿದೆ. ಆಚಾರಿ ಬರುವಂತಿಲ್ಲ. ಬಂದರೂ ಹಲಸಿನ ಮರದ ಆ ದಾರಂದ ಸಾಗಿಸಲು ಗಾಡಿ ಬರುವಂತಿಲ್ಲ. ನಾವೆಲ್ಲ ನೋಡುತ್ತಿದ್ದದ್ದು ಹೊಸಿಲನ್ನು. ಹಳ್ಳ ಫ್ರೇಮಿನ ಹೊರಗಿತ್ತು.

ಮನೆಯವರು ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಗುಡ್ಡದ ಕಾಲುದಾರಿಯಲ್ಲಿ ಹೊರಟರು. ರಘುಪತಿ ಕ್ಯಾಮೆರಾದ ಜೊತೆ ದಿಬ್ಬದ ಮೇಲೇ ಉಳಿದರು. ಕೇಳಿದ್ದು ಹೊಸಿಲಿನವರೆಗೆ, ಸಿಕ್ಕಿದ್ದು ಇಡೀ ಬಾಗಿಲು.

ಭಾನುವಾರ ಚಿಕ್ಕಮ್ಮ ನನ್ನ ಪಕ್ಕದಲ್ಲೇ ಕೂತಿದ್ದರು. ಪರದೆಯ ಮೇಲೆ ನೀರು ಅಂಗಳಕ್ಕೆ ಬಂತು, ಮೆಟ್ಟಿಲು ಹತ್ತಿತು, ಚಿಲಕ ಮುಳುಗಿಸಿತು. “ಫೈನ್, ಬಾಗ್ಲು ಒಂದು ಚೂರೂ ಅಲ್ಲಾಡಿಲ್ಲ ನೋಡಿ,” ಎಂದರು ಹಿಂದಿನ ಸಾಲಿನವರೊಬ್ಬರು. ಯಾಕೆ ಅಲ್ಲಾಡಲಿಲ್ಲ ಎಂದು ಅವರಿಗೇನು ಗೊತ್ತು? ರಘುಪತಿ ತಾಳ್ಮೆಯ ಬಗ್ಗೆ ಭಾಷಣ ಮಾಡಿದರು. ಮಳೆಯಲ್ಲಿ ಹತ್ತು ದಿನ ಕೂತ ತಾಳ್ಮೆ. ಸಹಕರಿಸಿದ್ದಕ್ಕೆ ನನಗೂ ಕೃತಜ್ಞತೆ ಹೇಳಿದರು. ಬಾಗಿಲು ಯಾರದೆಂದು ಹೇಳಲಿಲ್ಲ.

ನನಗೆ ಕ್ಯಾಮೆರಾದ ಮೇಲೆ ಸಿಟ್ಟಿಲ್ಲ. ಆದರೆ ಮನೆ ಕಳೆದುಕೊಳ್ಳುತ್ತಿರುವವರ ಹತ್ತಿರ, ಸ್ವಲ್ಪ ನಿಧಾನವಾಗಿ ಹೊರಡಿ, ಚಿತ್ರ ಚೆನ್ನಾಗಿ ಬರಲಿ ಎಂದು ಕೇಳುವ ಹಕ್ಕನ್ನು ಯಾರು ಕೊಟ್ಟರು? ಆ ಮಾತಿಗೆ ವಕೀಲಿಕೆ ಮಾಡಲೆಂದೇ ನನಗೆ ಡಿಗ್ರಿ ಸಿಕ್ಕಿತೇ?

ಹೊಸ ಮನೆಯಲ್ಲಿ ಆ ಜಾಗಕ್ಕೆ ಇವತ್ತಿಗೂ ಬಿದಿರಿನ ತಟ್ಟಿ ಅಡ್ಡ ಇಟ್ಟಿದ್ದಾರೆ. ಬೇರೆ ಬಾಗಿಲು ಮಾಡಿಸೋಣವೆಂದರೆ ಚಿಕ್ಕಮ್ಮ ಮಾತು ಬದಲಿಸುತ್ತಾರೆ. ನನಗೆ ಒಂದು ದಿನವೂ ಏನೂ ಅಂದಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಭಾನುವಾರ ಸಭೆಯಿಂದ ಎದ್ದು ಹೊರಡುವಾಗ ರಘುಪತಿ ನಗುತ್ತ ಬಂದರು. “ಅಮ್ಮಾ, ನಿಮ್ ಹೊಸ ಮನೇದೂ ಹೀಗೇ ಒಂದು ತೆಗೀಬೇಕು ಅಂತಿದೀನಿ. ಪೂರ್ತಿ ಆಗೋವರೆಗೆ.”

“ತೆಗಿಯಪ್ಪ,” ಎಂದರು ಚಿಕ್ಕಮ್ಮ. “ಬರೋವಾಗ ಬಾಗ್ಲು ತಗೊಂಡ್ ಬಾ.”