ಲಾಂಚಿನ ಗಾಳಿಗೆ ಬಿಚ್ಚಿದ ಜಡೆ

ಮೊನ್ನೆ ಕಾರಿನಲ್ಲಿ ಹೊಸ ಸೇತುವೆ ದಾಟಿ ತುಮರಿಯ ದೊಡ್ಡಮ್ಮನ ಮನೆಗೆ ಹೋದೆ. ಕಿಟಕಿ ಮುಚ್ಚಿತ್ತು, ಜಡೆಯ ಒಂದು ಕೂದಲೂ ಅಲುಗಲಿಲ್ಲ. ಬಾಗಿಲಲ್ಲೇ ಮೆಂತೆ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ಪರಿಮಳ ಬಂತು.

ನಾನು ಚಿಕ್ಕವಳಿದ್ದಾಗ ಶರಾವತಿ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕಿತ್ತು. ಅಮ್ಮ ಬಿಗಿಯಾಗಿ ಹೆಣೆದ ಜಡೆಯನ್ನು ನಾನು ನಡುನೀರಿನಲ್ಲಿ ಬಿಚ್ಚಿ, ಕಂಬಿ ಹಿಡಿದು ಗಾಳಿಗೆ ತಲೆಯೊಡ್ಡಿ ನಿಲ್ಲುತ್ತಿದ್ದೆ. ದಡ ಮುಟ್ಟುವಷ್ಟರಲ್ಲಿ ತಲೆ ಕಾಗೆಗೂಡಾಗಿರುತ್ತಿತ್ತು.

"ಮತ್ತೆ ಬಿಚ್ಕಂಡ್ಯಾ? ಬಾ, ಕೂತ್ಕ ಇಲ್ಲಿ" ಎಂದು ದೊಡ್ಡಮ್ಮ ಗದರುತ್ತಿದ್ದಳು. ಮೊದಲಿಗೆ ಬಾಚಣಿಗೆ ಮುಟ್ಟುತ್ತಲೇ ಇರಲಿಲ್ಲ. ಅಂಗೈಗೆ ಎಣ್ಣೆ ಉಜ್ಜಿಕೊಂಡು, ತುದಿಯಿಂದ ಶುರುಮಾಡಿ ಬೆರಳಿನಲ್ಲೇ ಒಂದೊಂದು ಸಿಕ್ಕು ಬಿಡಿಸುತ್ತಿದ್ದಳು. "ಮೇಲಿಂದ ಎಳದ್ರೆ ಕೂದ್ಲು ಹರಿತದೆ, ಸಿಕ್ಕು ಹಂಗೇ ಉಳಿತದೆ" ಎನ್ನುವಳು. ನಾನು ಆಟಕ್ಕೆ ಓಡಲು ಚಡಪಡಿಸಿದರೆ ಮೊಣಕಾಲುಗಳ ನಡುವೆ ಒತ್ತಿ ಹಿಡಿಯುವಳು. ಊರಿನ ಸುದ್ದಿಯೆಲ್ಲ ನನ್ನ ಕಿವಿಗೆ ಬೀಳುತ್ತಿದ್ದುದು ಆಗಲೇ.

ಈ ಸಲವೂ ಎಣ್ಣೆಯ ಬಟ್ಟಲು ಹಿಡಿದೇ ಬಂದಳು. ನನ್ನ ಜಡೆ ಸವರಿ, "ಸಿಕ್ಕೇ ಇಲ್ವಲ್ಲೇ" ಎಂದು ಬಟ್ಟಲನ್ನು ಕೆಳಗಿಟ್ಟಳು.

"ಒಳಗದೆ, ಸರಿಯಾಗಿ ನೋಡು" ಎಂದೆ. ಜಡೆ ಬಿಚ್ಚಿ, ಎರಡೂ ಕೈಯಿಂದ ತಲೆ ಕೆದರಿಕೊಂಡು, ಅವಳ ಮುಂದೆ ನೆಲದ ಮೇಲೆ ಕೂತೆ.