ಒಣ ನೆಲಕ್ಕೆ ಇಳಿದವರು

ಇಲ್ಲಿ ಗಲ್ಫಿನಲ್ಲಿ, ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಅಲ್ಲಿನ ಫಿಸಿಯೋಥೆರಪಿಸ್ಟ್ ದಕ್ಷಿಣ ಅಮೆರಿಕದ ಗಯಾನಾದವಳು. ನಮ್ಮ ಕರಾವಳಿಯವರ ಸಂಘದ ಅಧ್ಯಕ್ಷರಿಗೆ ಇಲ್ಲಿನ ರಾಯ್ ಪ್ರದೇಶದಲ್ಲಿ ಟೈಲ್ಸ್ ಶೋರೂಮ್ ಇದೆ. ನನ್ನ ಈ ಗೆಳತಿ ಗಯಾನಾದವಳು ಎಂದು ನಾನು ಹೇಳಿದ ಕೂಡಲೇ ಅವರು ಹಿಗ್ಗಿದರು. ಬ್ರಿಟಿಷರ ಕಾಲದಲ್ಲಿ ಕಬ್ಬಿನ ತೋಟಕ್ಕೆ ಹೋದ ಭಾರತದ ಕೂಲಿಗಳ ದೇಶ ಅದು ಎಂದು ಅವರು ಎಲ್ಲೋ ಓದಿದ್ದರು.

"ನಮ್ಮವರೇ ಅಲ್ವಾ ಸಿಸ್ಟರ್! ವಾರ್ಷಿಕೋತ್ಸವಕ್ಕೆ ಕರ್ಕೊಂಡು ಬನ್ನಿ. ನಮ್ಮವರು ಅಲ್ಲಿ ಹೇಗೆ ದೇಶ ಕಟ್ಟಿದ್ರು ಅಂತ ನಾಲ್ಕು ಮಾತಾಡ್ಲಿ."

"ದೇಶ ಕಟ್ಟಿದ ಕಥೆಯೇ? ಖಂಡಿತ ಹೇಳುತ್ತೇನೆ," ಎಂದಳು ಅವಳು, ನಾನು ಕರೆ ತಿಳಿಸಿದಾಗ. ಅವಳ ಮಾತೆಲ್ಲ ಇಂಗ್ಲಿಷ್. ಇಲ್ಲಿ ನಾನು ಕನ್ನಡದಲ್ಲಿ ಇಡುತ್ತಿದ್ದೇನೆ.

ಅವಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತರಲಾಗಿತ್ತು. ಅದನ್ನು ಮೊದಲೇ ಅಧ್ಯಕ್ಷರಿಗೆ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೇಳಬೇಕಿತ್ತು ಎಂದು ಈಗಲೂ ಅನಿಸುವುದಿಲ್ಲ.

ವಾರ್ಷಿಕೋತ್ಸವದ ದಿನ ಹಾಲ್‌ನ ಬಾಗಿಲಲ್ಲಿ ಗುಲಾಬಿ ಹೂ ಕೊಡುತ್ತಿದ್ದ ಹೆಂಗಸು ಅವಳನ್ನು ನೋಡಿ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. "ಕೆಲಸದವರೆಲ್ಲ ಹಿಂದಿನ ಡೋರಿಂದ ಅಲ್ವಾ ಅಕ್ಕ?" ಎಂದು ನನ್ನನ್ನು ಕೇಳಿದಳು.

"ಏನಂತೆ?" ಎಂದಳು ಗೆಳತಿ. ನಾನು ಒಂದು ಪದವನ್ನೂ ಬದಲಿಸದೆ ಹೇಳಿದೆ. ಅವಳು ನಕ್ಕು, ತಟ್ಟೆಯಿಂದ ತಾನೇ ಒಂದು ಹೂ ತೆಗೆದುಕೊಂಡು ಒಳಗೆ ನಡೆದಳು.

ಅಧ್ಯಕ್ಷರು ನನ್ನನ್ನು ಕಂಬದ ಮರೆಗೆ ಕರೆದರು. "ಎಂತ ಸಿಸ್ಟರ್ ಇದು? ಗಯಾನಾದವರು ಅಂದ್ರಿ. ಇವರು ಆಫ್ರಿಕಾದವರ ಹಾಗಿದ್ದಾರಲ್ಲ ಮಾರಾಯ್ರೆ!"

"ಗಯಾನಾದವರೇ ಸರ್. ಅಲ್ಲಿ ಭಾರತದಿಂದ ಹೋದವರೂ ಇದ್ದಾರೆ, ಆಫ್ರಿಕಾದಿಂದ ಹೋದವರೂ ಇದ್ದಾರೆ."

"ಹಾಗಾದ್ರೆ ಭಾಷಣ ಬೇಡ. ಟೈಮ್ ಇಲ್ಲ ಅಂತ ಹೇಳಿ. ಬಿರಿಯಾನಿ ತಿಂದು ಹೋಗ್ಲಿ."

ಅದನ್ನೂ ಹಾಗೆಯೇ ಹೇಳಿದೆ. ಅವಳು "ಕರೆದದ್ದು ಮಾತಿಗೆ. ಮಾತಾಡಿಯೇ ಹೋಗುತ್ತೇನೆ," ಎಂದು ಅತಿಥಿಗಳ ಸಾಲಿನಲ್ಲಿ ಕುಳಿತಳು. ಮಕ್ಕಳ ನೃತ್ಯ ಮುಗಿದದ್ದೇ ಎದ್ದು ವೇದಿಕೆ ಹತ್ತಿದಳು. ನಿರೂಪಣೆಯ ಹುಡುಗಿಗೆ ಏನೂ ಗೊತ್ತಿರಲಿಲ್ಲ, ಮೈಕು ಕೊಟ್ಟುಬಿಟ್ಟಳು.

"ನಮ್ಮ ಕರಾವಳಿ ಸಮುದ್ರಕ್ಕಿಂತ ತಗ್ಗಿನಲ್ಲಿದೆ," ಎಂದು ಶುರುಮಾಡಿದಳು. "ಒಂದು ಕಾಲದಲ್ಲಿ ಅಲ್ಲಿ ಬರೀ ಕೆಸರು. ಅದನ್ನು ಅಗೆದು, ಒಡ್ಡು ಹಾಕಿ, ಕಾಲುವೆ ತೋಡಿದವರು ನನ್ನ ಹಿರಿಯರು. ಚಾಟಿಯೇಟು ತಿನ್ನುತ್ತಾ ತೋಡಿದರು. ಬಿಡುಗಡೆಯಾದ ಮೇಲೆ ಒಟ್ಟುಗೂಡಿ ದೊರೆಗಳ ತೋಟಗಳನ್ನೇ ಕೊಂಡು ಹಳ್ಳಿ ಕಟ್ಟಿಕೊಂಡರು. ಕೆಲಸಕ್ಕೆ ಕರೆದಾಗ ಸರಿಯಾದ ಕೂಲಿ ಕೇಳಿದರು. ದೊರೆಗಳು ಅದಕ್ಕೆ ಕೊಟ್ಟ ಉತ್ತರ, ಕಡಿಮೆ ಕೂಲಿಗೆ ಹಡಗಿನಲ್ಲಿ ಬಂದ ನಿಮ್ಮವರು."

ಅಧ್ಯಕ್ಷರು ಕೆಳಗಿನಿಂದ ಕೈಸನ್ನೆ ಮಾಡಿದರು. "ಥ್ಯಾಂಕ್ಯೂ ಮೇಡಂ, ಥ್ಯಾಂಕ್ಯೂ. ಖಲಾಸ್."

"ಇನ್ನೂ ಮುಗಿದಿಲ್ಲ," ಎಂದಳು. "ನಿಮ್ಮವರೂ ನೊಂದರು, ದುಡಿದರು. ಅದನ್ನು ಅಲ್ಲಗಳೆಯಲು ನಾನು ಬಂದಿಲ್ಲ. ಆದರೆ ಅವರು ಇಳಿದದ್ದು ಒಣ ನೆಲಕ್ಕೆ. ಇಂದಿಗೂ ನಮ್ಮನ್ನು ಸೋಮಾರಿಗಳು ಅನ್ನುವವರಿದ್ದಾರೆ. ಆ ಒಣ ನೆಲದ ಮೇಲೆ ನಿಂತುಕೊಂಡೇ ಅನ್ನುತ್ತಾರೆ."

ಅರ್ದಿಯಾದ ಹೋಟೆಲಿನಿಂದ ಬಿರಿಯಾನಿ ತಂದಿದ್ದ ಬ್ಯಾರಿ ಅಡುಗೆಯವರೊಬ್ಬರು ಹಿಂದೆ ಗೋಡೆಗೊರಗಿ ನಿಂತಿದ್ದರು. "ಕರೆಕ್ಟ್ ಭಾಯಿ!" ಎಂದರು ಜೋರಾಗಿ. "ನಾವು ಸಂಬಳ ಜಾಸ್ತಿ ಕೇಳಿದ್ರೆ ವೀಸಾ ಕೊಟ್ಟ ಕಫೀಲ್ ಬೇರೆ ದೇಶದವರನ್ನು ಇಳಿಸುದಿಲ್ವಾ? ಇದು ಅದೇ ಆಟ!" ಕೆಲವರು ನಕ್ಕರು. ಒಂದೆರಡು ಸಾಲು ಚಪ್ಪಾಳೆ ತಟ್ಟಿದವು, ಉಳಿದವು ತಟ್ಟಲಿಲ್ಲ.

ನಮ್ಮ ಸಭೆಗಳಲ್ಲಿ ಮಾತಾಡಿದವರಿಗೆ ಶಾಲು ಹೊದಿಸದೆ ಕಳಿಸುವುದಿಲ್ಲ. ಅಧ್ಯಕ್ಷರು ವೇದಿಕೆಗೆ ಬಂದು, ನನ್ನನ್ನೂ ಮೇಲಕ್ಕೆ ಕರೆದು, ಶಾಲನ್ನು ನನ್ನ ಕಡೆ ಚಾಚಿದರು. "ನಿಮ್ಮ ಫ್ರೆಂಡ್ ಅಲ್ವಾ ಸಿಸ್ಟರ್, ನೀವೇ ಹಾಕಿಬಿಡಿ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಇದನ್ನು ಹೊದಿಸುವುದು ಯಾರ ಕೆಲಸ?" ಎಂದು ನನ್ನನ್ನು ಕೇಳಿದಳು.

"ಅಧ್ಯಕ್ಷರದು," ಎಂದು ನಾನು ಕೈ ಹಿಂದೆ ಕಟ್ಟಿಕೊಂಡೆ.

"ಹಾಗಾದರೆ ಕಾಯುತ್ತೇನೆ."

ಕಾದಳು. ಫೋಟೋದವನು ಕ್ಯಾಮೆರಾ ಎತ್ತಿಕೊಂಡೇ ನಿಂತಿದ್ದ. ಕೊನೆಗೆ ಅಧ್ಯಕ್ಷರು ಮುಂದೆ ಬಂದು, ಮೈಗೆ ಕೈ ತಾಗದಂತೆ, ದೂರದಿಂದಲೇ ಶಾಲು ಎಸೆದಂತೆ ಹಾಕಿದರು. ಅದು ಭುಜದಿಂದ ಜಾರಿ ಪೂರ್ತಿ ನೆಲಕ್ಕೆ ಬಿತ್ತು. ಅವಳು ಬಗ್ಗಲಿಲ್ಲ. ಅವರನ್ನೇ ನೋಡುತ್ತಿದ್ದಳು. ಅಧ್ಯಕ್ಷರೇ ಬಗ್ಗಿ ಎತ್ತಿದರು, ಧೂಳು ಕೊಡವಿದರು, ಮತ್ತೆ ಹೊದಿಸಿದರು. ಎರಡೂ ಭುಜಗಳ ಮೇಲೆ ಅದು ಸರಿಯಾಗಿ ಕೂರುವ ತನಕ ಅವಳು ಅಲುಗಲಿಲ್ಲ.