ದೊಡ್ಡಮ್ಮನ ಎಡ ಅಂಗೈ

ಕೈ ಮುರಿದು ಆರು ವಾರದ ನಂತರ ಪ್ಲಾಸ್ಟರ್ ಬಿಚ್ಚಿದಾಗ ದೊಡ್ಡಮ್ಮನ ಎಡ ಅಂಗೈ ಮೇಲ್ಮುಖವಾಗಿ ತಿರುಗಲಿಲ್ಲ. ಹಗರಿಬೊಮ್ಮನಹಳ್ಳಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆ ಚೆನ್ನಾಗಿಯೇ ಕೂಡಿದೆ, ಮಣಿಕಟ್ಟು ಬಿಗಿದುಕೊಂಡಿದೆ, ದಿನಾ ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ ಎಂದರು. ಬೆರಳುಗಳು ಆಡುತ್ತಿದ್ದವು, ಮೊಣಕೈ ಮಡಚುತ್ತಿತ್ತು. ತೀರ್ಥಕ್ಕೆ ಕೈ ಒಡ್ಡಿದ ಹಾಗೆ ಅಂಗೈ ತೋರಿಸಿ ಎಂದರೆ ಮಾತ್ರ, ಹೆಬ್ಬೆರಳು ಮೇಲಾಗಿ ಕೈ ಗೋಡೆಯಂತೆ ನೆಟ್ಟಗೆ ನಿಂತುಬಿಡುತ್ತಿತ್ತು. ವ್ಯಾಯಾಮ ನಾಲ್ಕು ದಿನ ನಡೆಯಿತು. ನೋವು ತಾಳಲಾರದೆ ಐದನೆಯ ದಿನ ಬಿಟ್ಟಳು.

ಕೊಟ್ಟೂರಿನಲ್ಲಿ ಅವಳದು ಮಂಡಕ್ಕಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಒಟ್ಟಿದ ಚೀಲಗಳ ಮೇಲಿಂದ ಇಳಿಯುವಾಗ ಜಾರಿ ಬಿದ್ದಿದ್ದಳು. ಸೇರಿನಲ್ಲಿ ಅಳೆದು ಕೊಡಲು ಬಲಗೈ ಸಾಕಾಗುತ್ತಿತ್ತು. ಎಡಗೈ ಬೇಕಿದ್ದದ್ದು ಲಿಂಗಪೂಜೆಗೆ. ಹತ್ತನೆಯ ವಯಸ್ಸಿನಲ್ಲಿ ದೀಕ್ಷೆಯಾದಂದಿನಿಂದ ಅವಳು ದಿನಾ ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯ ಮೇಲಿಟ್ಟು ನೋಡುತ್ತ ಕೂರುತ್ತಿದ್ದಳು. ಅದಾಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಈಗ ಲಿಂಗವನ್ನು ಬಲಗೈಯಲ್ಲಿ ತೆಗೆದು ಕಣ್ಣಿಗೊತ್ತಿಕೊಂಡು ಮತ್ತೆ ಒಳಗಿಡುತ್ತಿದ್ದಳು. ಇದು ಪೂಜೆಯಲ್ಲ ಎಂದು ಅವಳೇ ತೀರ್ಮಾನಿಸಿದ್ದಳು. ಅದಕ್ಕೆ ಪ್ರಾಯಶ್ಚಿತ್ತವಾಗಿ ದಿನಕ್ಕೆ ಒಂದೇ ಊಟ, ಅದೂ ಮಧ್ಯಾಹ್ನ. ರವಿಕೆಗಳು ಸಡಿಲವಾಗುತ್ತ ಬಂದಿದ್ದವು.

ಮಠದ ಅಯ್ಯನವರು ಬಂದು, ಬಲಗೈಯಲ್ಲೇ ಇಟ್ಟುಕೊಂಡು ಪೂಜೆ ಮಾಡಿದರೆ ದೋಷವಿಲ್ಲ ಎಂದು ಹೇಳಿದರು.

"ನಲವತ್ತು ವರ್ಸ ಸ್ವಂತ ಮನ್ಯಾಗ ಇದ್ದಾನ್ರಿ," ಎಂದಳು ದೊಡ್ಡಮ್ಮ. "ಈಗ ಬಾಡಿಗಿ ಮನಿಗೆ ಕಳಸ್ಲೇನು?"

ಅಯ್ಯನವರು ನಕ್ಕು ಎದ್ದುಹೋದರು. ಅವಳು ನಗಲಿಲ್ಲ.

ನಾನಾಗ ಭೌತಶಾಸ್ತ್ರದ ಎಂ.ಎಸ್ಸಿ. ಪರೀಕ್ಷೆ ಮುಗಿಸಿ ಹರಪನಹಳ್ಳಿಯ ಮನೆಗೆ ಬಂದಿದ್ದೆ. ಫಲಿತಾಂಶ ಬರುವವರೆಗೆ ದೊಡ್ಡಮ್ಮನ ಜೊತೆ ಇದ್ದು ಬಾ ಎಂದು ಅಮ್ಮ ಕೊಟ್ಟೂರಿನ ಬಸ್ಸು ಹತ್ತಿಸಿದಳು. ದಾವಣಗೆರೆಯ ಹಾಸ್ಟೆಲಿನಲ್ಲಿ ಯಾರಿಗೂ ಹೇಳದ ಒಂದು ಸಂಗತಿ ನನ್ನಲ್ಲಿತ್ತು. ಪರೀಕ್ಷೆಯ ಹಿಂದಿನ ತಿಂಗಳು ನಿದ್ದೆ ಬಾರದೆ, ನಿವೃತ್ತ ಶಿಕ್ಷಕಿಯೊಬ್ಬರು ಮನೆಯಲ್ಲೇ ನಡೆಸುತ್ತಿದ್ದ ರೇಕಿ ತರಗತಿಗೆ ಎರಡು ಭಾನುವಾರ ಹೋಗಿಬಂದಿದ್ದೆ. ಎಲ್ಲೆಡೆ ಇರುವ ಪ್ರಾಣಶಕ್ತಿ ಅಂಗೈಗಳ ಮೂಲಕ ಹರಿಯುತ್ತದೆ, ನಾವು ದಾರಿ ಬಿಟ್ಟುಕೊಟ್ಟರೆ ಸಾಕು ಎಂದಿದ್ದರು. ಯಾವ ಉಪಕರಣದಲ್ಲಿ ಅಳೆಯುವುದು ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು, ಕೇಳಲಿಲ್ಲ. ಆ ರಾತ್ರಿ ಕಣ್ಣಿನ ಮೇಲೆ ಕೈ ಇಟ್ಟುಕೊಂಡು ಮಲಗಿದೆ. ಒಳಗೆ ಬಿಡುವಿಲ್ಲದೆ ಓಡುತ್ತಿದ್ದ ಏನೋ ಒಂದು ನಿಂತಿತು. ಅಷ್ಟು ಮಾತ್ರ ನನಗೆ ಖಚಿತವಾಗಿ ಗೊತ್ತು.

ಕೊಟ್ಟೂರಿಗೆ ಬಂದ ಎರಡನೆಯ ಬೆಳಿಗ್ಗೆಯೇ ಹಾಗೆ ಕಣ್ಣಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾಗ ದೊಡ್ಡಮ್ಮನ ಕೈಗೆ ಸಿಕ್ಕಿಬಿದ್ದೆ.

"ಯಾಕವ್ವಾ, ಮಾರಿ ಮುಚ್ಗೊಂಡು ಕುಂತಿ? ಪರೀಕ್ಷಿದಾಗ ಡುಮ್ಕಿ ಹೊಡದಿಯೇನು?"

ಬೇರೆ ದಾರಿಯಿಲ್ಲದೆ ಹೇಳಿದೆ. ಶಿಕ್ಷಕಿ ದೀಕ್ಷೆ ಕೊಟ್ಟರು ಎಂದಾಗ ಅವಳ ಹುಬ್ಬು ಮೇಲೇರಿತು.

"ಎಷ್ಟು ದಿನದ ದೀಕ್ಷಾ ಅದು?"

"ಎರಡು ಭಾನುವಾರ."

"ಅಯ್ಯ ಶಿವನ! ನಂದು ನಲವತ್ತು ವರ್ಸ ಆತು, ಇನ್ನಾ ಕಲಿಯಾಕತ್ತೀನಿ." ಹೇಳುತ್ತಲೇ ಎಡಗೈ ಮುಂದೆ ಚಾಚಿದಳು. "ಹಿಡಿ ಮತ್ತ. ನೋವು ಹೆಚ್ಚಾತಂದ್ರ ನಿಮ್ಮವ್ವಗ ಫೋನ್ ಹಚ್ತೀನಿ ನೋಡು."

ಮೊದಲು ನಾನು ಅಳೆದೆ. ಅವಳ ಮುಷ್ಟಿಯಲ್ಲಿ ಪೆನ್ಸಿಲು ಹಿಡಿಸಿ, ಕೈ ತಿರುಗಿಸಲು ಹೇಳಿ, ಕೋನಮಾಪಕದಲ್ಲಿ ನೋಡಿದರೆ ಇಪ್ಪತ್ತು ಡಿಗ್ರಿ. ತೊಂಬತ್ತಾದರೆ ಅಂಗೈ ಪೂರ್ತಿ ಮೇಲಕ್ಕೆ. ಆಮೇಲೆ ಕೈ ಇಟ್ಟೆ. ಮಣಿಕಟ್ಟಿನ ಕೆಳಗೊಂದು, ಮೇಲೊಂದು. ನಂತರ ಮೊಣಕೈ, ನಂತರ ಭುಜ. ಗಡಿಯಾರ ನೋಡಿ ಒಂದೊಂದು ಕಡೆ ಮೂರು ನಿಮಿಷ.

ಅಂಗಡಿಗೆ ಗಿರಾಕಿ ಬಾರದ ಮಧ್ಯಾಹ್ನದ ಹೊತ್ತಿಗೆ ದಿನಾ ಹೀಗೆ ಕೂರುವುದಾಯಿತು. ಮೊದಲೆರಡು ದಿನ ಅವಳ ಬಾಯಿ ನಿಲ್ಲಲಿಲ್ಲ. ಮೂರನೆಯ ದಿನ ಮಾತು ನಡುವೆ ನಿಂತುಹೋಯಿತು. ನೋಡಿದರೆ ಗೋಡೆಗೊರಗಿ ನಿದ್ದೆ ಹೋಗಿದ್ದಳು. ನನ್ನ ಬೆರಳ ಕೆಳಗೆ, ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದಿದ್ದ ನರವೊಂದು ಮೆಲ್ಲಗೆ ಸಡಿಲಾಯಿತು. ನನ್ನ ಅಂಗೈಗಳು ದೀಪದ ಮೇಲೆ ಹಿಡಿದಷ್ಟು ಬಿಸಿಯಾಗಿದ್ದವು. ಎರಡು ದೇಹಗಳ ಉಷ್ಣತೆ ಹೆಚ್ಚುಕಡಿಮೆ ಒಂದೇ, ಹಾಗಿರುವಾಗ ಇಷ್ಟು ಬಿಸಿ ಎಲ್ಲಿಂದ ಎಂದು ಲೆಕ್ಕ ಹಾಕಲು ಹೊರಟು, ಅವಳು ಎಚ್ಚರಾದಾಳೆಂದು ಉಸಿರನ್ನೂ ಸಣ್ಣಗೆ ಬಿಟ್ಟೆ.

ಹುರಿದ ಮಂಡಕ್ಕಿಯಲ್ಲಿ ಉಳಿದ ಮರಳನ್ನು ಜರಡಿ ಹಿಡಿಯಲು ಬರುತ್ತಿದ್ದ ಹೆಂಗಸು ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ಅವಳ ಮನೆಯವರು ಕುರಿ ಸಾಕುವವರು.

"ಕುರಿ ಈಯಾಕ ತ್ರಾಸ್ ಮಾಡ್ಕೊಂಡ್ರ ನಮ್ಮತ್ತಿನೂ ಹಿಂಗ ಹೊಟ್ಟಿ ಮ್ಯಾಲೆ ಕೈ ಇಟ್ಗಂಡು ಕುಂದರ್ತಾಳ್ರಿ," ಎಂದಳು. "ಇದಕ್ಕ ದಾವಣಗೇರಿಗ್ಯಾಕ ಹೋಗಿದ್ರಿ ಅಕ್ಕಾರ?"

ನಾನು ಗಡಿಯಾರ ನೋಡಿ ಕೈಯನ್ನು ಮೊಣಕೈಗೆ ಸರಿಸಿದೆ.

ವಾರ ಕಳೆಯುವಷ್ಟರಲ್ಲಿ ನೋವು ತಗ್ಗಿತು. ತಗ್ಗಿದ್ದರಿಂದ ದೊಡ್ಡಮ್ಮ ತಾನಾಗಿಯೇ ಡಾಕ್ಟರು ಹೇಳಿದಂತೆ ಒದ್ದೆ ಟವೆಲ್ ಹಿಂಡತೊಡಗಿದಳು. ಮೂವತ್ತು ಡಿಗ್ರಿ, ನಲವತ್ತು, ಐವತ್ತೈದು. ಇದರಲ್ಲಿ ಟವೆಲಿನದೆಷ್ಟು, ನನ್ನ ಕೈಯದೆಷ್ಟು ಎಂದು ಬೇರೆ ಮಾಡಿ ಹೇಳಲಾರೆ. ಐವತ್ತೈದಕ್ಕೆ ಬಂದು ಕೈ ನಿಂತಿತು. ಒಂದು ವಾರ ಪೂರ್ತಿ ಅಲ್ಲೇ ನಿಂತಿತು. ಅಂಗೈ ಇಳಿಜಾರು. ಲಿಂಗ ಇಟ್ಟರೆ ಕಿರುಬೆರಳಿನ ಕಡೆಗೆ ಜಾರುವುದು ಖಂಡಿತ. ಅಷ್ಟರಲ್ಲಿ ಫಲಿತಾಂಶ ಬಂತು. ಮುಂದಿನ ಮಂಗಳವಾರ ನಾನು ಹೊರಡಬೇಕಿತ್ತು. ಅವಳು ಒಂದೇ ಊಟದಲ್ಲಿ ಉಳಿದುಬಿಡುತ್ತಾಳೆಂಬ ಭಯಕ್ಕೆ ಹೆಚ್ಚು ಹೊತ್ತು ಕೂತೆ, ಹೆಚ್ಚು ಒತ್ತಿ ಹಿಡಿದೆ.

"ನಿನ್ನ ಕೈ ಇವತ್ತು ಅವಸರ ಮಾಡಾಕತ್ತೈತಿ," ಎಂದು ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಬಿಡು, ಸಾಕು."

ಸೋಮವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವುದನ್ನೇ ಕಾದವಳಂತೆ ಪೂಜೆಯ ಮಣೆಯ ಮೇಲೆ ಕೂತಿದ್ದಳು. ವಿಭೂತಿ, ನೀರಿನ ಗಿಂಡಿ, ಬಿಲ್ವಪತ್ರೆ ಎಲ್ಲ ಮುಂದಿದ್ದವು.

"ಇಲ್ಲಿ ಬಾ. ನನ್ನ ಕೈ ಕೆಳಗ ನಿನ್ನ ಕೈ ಇಡು. ಲಿಂಗ ಮುಟ್ಟಬ್ಯಾಡ."

ಒಬ್ಬರ ಇಷ್ಟಲಿಂಗ ಇನ್ನೊಬ್ಬರ ಕೈಗೆ ಹೋಗುವುದಿಲ್ಲವೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ನನ್ನದು ವರ್ಷಗಳಿಂದ ಹರಪನಹಳ್ಳಿಯ ದೇವರ ಜಗಲಿಯ ಮೇಲೇ ಇತ್ತು. ಅದು ಅವಳಿಗೂ ಗೊತ್ತಿತ್ತು. ಒಂದು ದಿನವೂ ಕೇಳಿರಲಿಲ್ಲ.

ಪಕ್ಕದಲ್ಲಿ ಕೂತು ಅವಳ ಮುಂಗೈಯನ್ನು ನನ್ನ ಅಂಗೈಯಲ್ಲಿ ಹೊತ್ತುಕೊಂಡೆ. ಕಿರುಬೆರಳಿನ ಅಂಚನ್ನು ಕೆಳಗಿನಿಂದ ಮೆಲ್ಲಗೆ ಎತ್ತಿದೆ. ಉಳಿದ ಇಳಿಜಾರು ಇಷ್ಟಿಷ್ಟೇ ಸಮನಾಯಿತು. ಬಲಗೈಯಿಂದ ಅವಳು ಲಿಂಗವನ್ನು ತಂದಿಟ್ಟಳು. ಅದು ನಡುಗಿತು, ನಿಂತಿತು.

ನೀರು ಬಿತ್ತು, ವಿಭೂತಿ ಬಿತ್ತು, ಪತ್ರೆ ಏರಿತು. ಆಮೇಲೆ ಅವಳು ನೋಡತೊಡಗಿದಳು. ಅವಳ ಉಸಿರು ನಿಧಾನವಾಯಿತು. ನಾನು ಏನನ್ನೂ ಮಾಡಲು ಪ್ರಯತ್ನಿಸಲಿಲ್ಲ; ಶಕ್ತಿ ಹರಿಯಲಿ ಎಂದು ಕೂಡ ಅಂದುಕೊಳ್ಳಲಿಲ್ಲ. ಹಿಡಿದದ್ದು ಜಾರಬಾರದು, ಅಷ್ಟೇ. ಸ್ವಲ್ಪ ಹೊತ್ತಿಗೆ ಬಿಸಿ ಬಂತು. ಈ ಸಲ ಅದು ನನ್ನ ಅಂಗೈಯಲ್ಲಿ ಹುಟ್ಟಲಿಲ್ಲ. ಅವಳ ಮುಂಗೈಯ ಮೂಲಕ ಮೇಲಿನಿಂದ ಇಳಿದು, ನನ್ನ ಮಣಿಕಟ್ಟು ದಾಟಿ ಮೊಣಕೈವರೆಗೆ ಬಂತು. ನಲವತ್ತು ವರ್ಷ ದಿನಾ ಒಂದೇ ಜಾಗವನ್ನು ನೋಡಿದರೆ ಆ ಜಾಗ ಏನಾಗುತ್ತದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ತಲೆ ಎತ್ತುವ ಧೈರ್ಯವಾಗಲಿಲ್ಲ. ಕೈ ಸೋಲಬೇಕಿತ್ತು, ಸೋಲಲಿಲ್ಲ.

ಪೂಜೆ ಮುಗಿದಾಗ ಬಾಗಿಲ ಬಿಸಿಲು ಮಣೆಯವರೆಗೆ ಬಂದಿತ್ತು. ದೊಡ್ಡಮ್ಮ ತೀರ್ಥ ತಗೊಂಡಳು, ಲಿಂಗವನ್ನು ಕರಡಿಗೆಯಲ್ಲಿಟ್ಟಳು, ಸೆರಗು ಸರಿಮಾಡಿಕೊಂಡು ಅಂಗಡಿ ತೆಗೆಯಲು ಹೋದಳು.

ಸಂಜೆ ದೀಪ ಹಚ್ಚಿದ ಮೇಲೆ ನನಗೊಂದೇ ತಾಟು ಹಾಕಿಕೊಂಡು ಕೂತಿದ್ದೆ. ಅವಳು ಇನ್ನೊಂದು ತಾಟು ತಂದು ಎದುರಿಗೆ ಇಟ್ಟುಕೊಂಡಳು.

"ಹಂಗ್ಯಾಕ ನೋಡ್ತಿ?" ಎಂದಳು. "ರೊಟ್ಟಿ ಹಾಕು. ಪಲ್ಯ ಸ್ವಲ್ಪ ಜಾಸ್ತಿನ ಹಾಕು."